ಕೈ ನೋಡು, ಬಾಯಿ ನೋಡಬ್ಯಾಡ

ಹೋದ ವಾರ ಮಗಳ ಶಾಲೆಯ ವರದಿಯಲ್ಲಿ ಒಂದು ಸಾಲು ಬಂತು: ಗುಂಪಿನ ಕೆಲಸಕ್ಕೆ ಕೈ ಹಚ್ಚುವುದಿಲ್ಲ, ಬರೀ ನೋಡುತ್ತ ನಿಲ್ಲುತ್ತಾಳೆ. ಆರು ವರ್ಷದ ಕೂಸು. ಟೊರೊಂಟೊದ ಆ ಸಂಜೆಯಿಡೀ ಅದೇ ಮಾತು ಕೊರೆಯಿತು. ಯಾಕವ್ವ ಹೀಗೆ ಅಂತ ಕೇಳಿದರೆ ಬೂಟಿನ ಲೇಸು ಬಿಗಿಯುತ್ತಲೇ ಅಂದಳು, “ನೋಡೂದಂದ್ರ ಏನೂ ಮಾಡದ ಇರೂದೇನವ್ವಾ?”

ಆ ಗಂಟು ನಾನು ಕಲಿಸಿದ್ದಲ್ಲ. ಪಕ್ಕದ ಮನೆಯ ಹುಡುಗಿಯ ಬೆರಳು ನೋಡಿ ಕಲಿತದ್ದು.

ಇಳಕಲ್ಲಿನ ನಮ್ಮ ಮನೆಯಲ್ಲಿ ಅಜ್ಜಿ ಸೀರೆಯ ಒಡಲಿನ ಹಾಸುನೂಲಿಗೆ, ಅಂದರೆ ಉದ್ದದ ಎಳೆಗಳಿಗೆ, ಸೆರಗಿನ ರೇಷ್ಮೆ ಹಾಸುನೂಲನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಹೆಂಗ ಅಂತ ಕೇಳಿದರೆ ಒಂದೇ ಉತ್ತರ: “ಕೈ ನೋಡು, ಬಾಯಿ ನೋಡಬ್ಯಾಡ.” ಎಷ್ಟೋ ಮಧ್ಯಾಹ್ನ ಕಂಡಿಕೆಗೆ ನೂಲು ಸುತ್ತುತ್ತ ನೋಡಿದೆ. ಒಮ್ಮೆ ಅವಳು ನೀರು ಕುಡಿಯಲು ಎದ್ದಾಗ ಹತ್ತು ಕೊಂಡಿ ಹಾಕಿಬಿಟ್ಟೆ. ಬಂದವಳು ಎರಡು ಬಿಚ್ಚಿದಳು. ಉಳಿದವನ್ನು ಮುಟ್ಟಲಿಲ್ಲ. ಅಂಥ ಪ್ರಶಸ್ತಿ ನನಗೆ ಮತ್ತೆ ಸಿಕ್ಕಿಲ್ಲ.

ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಸಂಶೋಧಿಸುವ ಬಾರ್ಬರಾ ರೋಗಾಫ್ ಮತ್ತು ಮರಿಸೆಲಾ ಕೊರಿಯಾ-ಚಾವೆಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಆ ರಾತ್ರಿ ಓದಿದೆ. ಐದರಿಂದ ಹನ್ನೊಂದು ವರ್ಷದ ಮಕ್ಕಳು. ಒಡಹುಟ್ಟಿದವರಿಗೆ ಆಟಿಕೆ ಮಾಡುವುದನ್ನು ತೋರಿಸುವಾಗ ಇವರು ಪಕ್ಕದಲ್ಲಿ ತಮ್ಮ ಸರದಿ ಕಾಯುತ್ತಿದ್ದರು. ಇವರಿಗೆ ಯಾರೂ ಏನೂ ಹೇಳಲಿಲ್ಲ. ಆದರೂ ಗ್ವಾಟೆಮಾಲಾದ ಮಾಯಾ ಎಂಬ ಮೂಲನಿವಾಸಿ ಜನರ ಮಕ್ಕಳಲ್ಲಿ ತಾಯಂದಿರು ಶಾಲೆ ಹೆಚ್ಚು ಕಾಣದ ಮನೆಗಳವರು ಹೆಚ್ಚು ಗಮನವಿಟ್ಟು, ಹೆಚ್ಚು ಕಲಿತರು. ತಾಯಂದಿರು ಶಾಲೆ ಕಲಿತ ಮಾಯಾ ಮಕ್ಕಳೂ ಅಮೆರಿಕದ ಬಿಳಿಯ ಮಕ್ಕಳೂ ಅವರಷ್ಟು ನೋಡಲಿಲ್ಲ.

ಅದು ನನ್ನನ್ನೇ ಚುಚ್ಚಿತು. ಎರಡು ಪದವಿ ಪಡೆದ ತಾಯಿ ನಾನು. ಅನ್ನ ಕಲಸುವಾಗಲೂ “ಇದೇನು ಬಣ್ಣ, ಎಷ್ಟು ಕಾಳು” ಅಂತ ಕೇಳುತ್ತಲೇ ಇರುತ್ತೇನೆ. ಟೀಚರನ್ನಷ್ಟೇ ದೂರುವುದು ಹೇಗೆ? ಊರಲ್ಲೂ ಈಗ ಅಣ್ಣನ ಮಕ್ಕಳು ಮಗ್ಗದ ಹತ್ತಿರ ಸುಳಿದರೆ “ಹೋಂವರ್ಕ್ ಮಾಡು ಹೋಗು” ಅನ್ನುತ್ತಾರೆ. ಲಾಳಿ ಹಿಡಿದ ಕೈಗೆ ಎಷ್ಟು ಕೂಲಿ ಸಿಗುತ್ತದೆ ಎಂದು ಗೊತ್ತಿರುವವರಿಗೆ ನಾನು ಏನು ಹೇಳಲಿ? ಆದರೆ ಹಾಗೆ ಎಬ್ಬಿಸಿ ಕಳಿಸಿದಾಗ ಮಗುವಿನ ಕಣ್ಣಿಂದ ಕಿತ್ತುಕೊಳ್ಳುವುದು ಮಗ್ಗವೊಂದನ್ನೇ ಅಲ್ಲ.

ಟೀಚರಿಗೆ ಬರೆದಿದ್ದೇನೆ: ಅವಳು ನೋಡುತ್ತಿದ್ದರೆ ದಯವಿಟ್ಟು ಇನ್ನೂ ಸ್ವಲ್ಪ ಹೊತ್ತು ಬಿಡಿ. ನಿನ್ನೆ ರೊಟ್ಟಿ ಬಡಿಯುವಾಗ ಅವಳು ಬಂದು ಪಕ್ಕಕ್ಕೆ ನಿಂತಳು. ನಾನು ಏನೂ ಕೇಳಲಿಲ್ಲ.