ಅಂತರಗಂಗೆ ಗುಹೆಗೆ ಹೊರಟಿದ್ದೀರಾ? ಟಾರ್ಚು ನೋಡಿಕೊಂಡು ಹೋಗಿ

ಹೋದ ವರ್ಷ ಕೋಲಾರದ ಅಂತರಗಂಗೆಗೆ ಹೋದಾಗ ನನ್ನ ಹತ್ತಿರ ಟಾರ್ಚು ಇರಲಿಲ್ಲ. ಮೊಬೈಲ್ ಇದೆಯಲ್ಲ, ಸಾಕು ಅಂದುಕೊಂಡಿದ್ದೆ. ಗುಹೆಯೊಳಗೆ ಬಂಡೆ ಹಿಡಿಯೋಕೆ ಕೈ ಚಾಚಿದಾಗ ಮೊಬೈಲ್ ಜಾರಿ ಸಂದಿಗೆ ಬೋರಲು ಬಿತ್ತು. ಬೆಳಕೂ ಅದರ ಅಡಿಗೇ ಹೋಯ್ತು. ಹಿಂದೆ ಬರುತ್ತಿದ್ದ ಯಾರೋ ಪುಣ್ಯಾತ್ಮರು ಬೆಳಕು ತೋರಿಸದಿದ್ದರೆ ಕತ್ತಲಲ್ಲೇ ತಡಕಾಡಬೇಕಿತ್ತು. ಹಾಗಾಗಿ ಈ ಸಲ ಹೋಗುವ ಮೊದಲು ಒಂದು ಪುಟ್ಟ ಎಲ್ಇಡಿ ಟಾರ್ಚು ಕೊಂಡೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಂಗೈಯಷ್ಟು ಉದ್ದ.

ಕೊಂಡಿದ್ದು ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಪಕ್ಕದ ಎಸ್‌ಜೆಪಿ ರೋಡಿನಲ್ಲಿ. ಆ ಕಡೆ ಹೋಗೋದಾದರೆ ಭಾನುವಾರ ಬೇಡ, ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಮೊದಲ ಅಂಗಡಿಯವರು ‘ಹತ್ತು ಸಾವಿರ ಲ್ಯೂಮೆನ್ ಸಾರ್, 9900 ಎಂಎಎಚ್ ಸೆಲ್ಲು’ ಅಂತ ಒಂದನ್ನು ಕೈಗಿಟ್ಟರು. ಲ್ಯೂಮೆನ್ ಅಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು, ಎಂಎಎಚ್ ಅಂದರೆ ಸೆಲ್ಲು ಹಿಡಿಯುವ ಚಾರ್ಜಿನ ಲೆಕ್ಕ. ಅದರೊಳಗಿದ್ದದ್ದು 18650 ಸೆಲ್ಲು, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ್ದು. ಅಷ್ಟು ಜಾಗದಲ್ಲಿ ಒಳ್ಳೆ ಕಂಪನಿಯ ಸೆಲ್ಲೂ ಹಿಡಿಯೋದು ಸುಮಾರು 3500 ಎಂಎಎಚ್. 9900 ಅಂತ ಬರೆದಿದ್ದರೆ ಡಬ್ಬಿಯ ಮೇಲಿನ ಉಳಿದ ಲೆಕ್ಕವನ್ನೂ ನಂಬಬೇಡಿ. ನಾನು ಮುಂದಿನ ಅಂಗಡಿಗೆ ಹೋದೆ. 1,600 ರೂಪಾಯಿಗೆ 1000 ಲ್ಯೂಮೆನ್ನಿನದು ಸಿಕ್ಕಿತು.

ಕೆ.ಆರ್. ಮಾರ್ಕೆಟ್ ಪಕ್ಕದಲ್ಲಿ ಬೆಳಕು ಕೊಂಡು ಕೋಲಾರಕ್ಕೆ ಹೊರಡೋದರಲ್ಲಿ ಒಂದು ತಮಾಷೆಯಿದೆ. ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಈ ಭಾಗದಲ್ಲಿ ಬೀದಿದೀಪ ಹತ್ತಿದ್ದು 1905ರಲ್ಲಿ. ಕೋಲಾರದ ಚಿನ್ನದ ಗಣಿಗೆ ಅದೇ ಕರೆಂಟು 1902ರಲ್ಲೇ ಹೋಗಿತ್ತು. ಬೆಳಕಿನ ವಿಷಯದಲ್ಲಿ ಅವರೇ ನಮಗಿಂತ ಸೀನಿಯರ್.

ಲ್ಯೂಮೆನ್ ಹೇಳೋದು ಒಟ್ಟು ಬೆಳಕನ್ನು ಮಾತ್ರ. ಆ ಬೆಳಕು ಎಷ್ಟು ದೂರ ಹೋಗುತ್ತದೆ ಅನ್ನೋದು ಕ್ಯಾಂಡೆಲಾ ಲೆಕ್ಕ. ನನ್ನ ಡಬ್ಬಿಯ ಮೇಲೆ 10,000 ಕ್ಯಾಂಡೆಲಾ, 200 ಮೀಟರ್ ಅಂತಿತ್ತು. ಲೆಕ್ಕವೇನೋ ಸರಿ: ಕ್ಯಾಂಡೆಲಾದ ವರ್ಗಮೂಲದ ಎರಡರಷ್ಟು. ಆದರೆ ಆ 200ನೇ ಮೀಟರಿನಲ್ಲಿ ಬೀಳೋದು ಕಾಲು ಲಕ್ಸ್, ಹೆಚ್ಚುಕಮ್ಮಿ ಹುಣ್ಣಿಮೆ ಬೆಳದಿಂಗಳು. ಅಲ್ಲಿ ಏನೋ ನಿಂತಿದೆ ಅಂತ ಕಾಣುತ್ತದೆ, ಹಸುವೋ ಕಲ್ಲೋ ಗೊತ್ತಾಗಲ್ಲ. ಮನೆ ಟೆರೇಸಿನಿಂದ ಬಿಟ್ಟು ನೋಡಿದೆ. ನಿಜವಾಗಿ ಉಪಯೋಗಕ್ಕೆ ಬರೋದು ಅದರ ಅರ್ಧ ದೂರ.

‘1000 ಲ್ಯೂಮೆನ್, 30 ಗಂಟೆ’ ಅನ್ನೋದೂ ಅಷ್ಟೇ. ಎರಡೂ ಒಟ್ಟಿಗೆ ಸಿಗಲ್ಲ. ಅಷ್ಟು ಬೆಳಕಿಗೆ ಸುಮಾರು ಹತ್ತು ವ್ಯಾಟ್ ಬೇಕು, ಸೆಲ್ಲಿನಲ್ಲಿರೋದು ಸುಮಾರು ಹದಿಮೂರು ವ್ಯಾಟ್-ಅವರ್. ಅಂದರೆ ಒಂದು ಗಂಟೆ ಚಿಲ್ಲರೆ. 30 ಗಂಟೆ ಬರೋದು ಕಡಿಮೆ ಬೆಳಕಿನಲ್ಲಿ. ಅದೂ ಹೋಗಲಿ, ಪೂರ್ತಿ ಬೆಳಕಿನಲ್ಲಿ ಇಟ್ಟ ಮೂರೇ ನಿಮಿಷಕ್ಕೆ ನನ್ನದು ಕೈಗೆ ಬಿಸಿ ಹತ್ತಿತು, ತಾನೇ ಬೆಳಕು ಇಳಿಸಿಕೊಂಡಿತು. ಅದು ಕೆಟ್ಟಿರೋದಲ್ಲ. ಇಷ್ಟು ಚಿಕ್ಕ ಮೈಗೆ ಆ ಶಾಖ ಹೊರಹಾಕೋಕೆ ಜಾಗ ಇಲ್ಲ.

ಹೋಗುವ ದಿನ ಭಾವಮೈದನೂ ಜೊತೆಗೆ ಬಂದ. ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಕೋಲಾರದ ಬಸ್ಸು ಹಿಡಿದೆವು. ಸುಮಾರು 70 ಕಿ.ಮೀ. ಹೊಸಕೋಟೆ ದಾಟಿದ ಮೇಲೆ ತೊಡೆಯ ಮೇಲಿದ್ದ ಬ್ಯಾಗು ಬೆಚ್ಚಗಾಯ್ತು. ‘ಭಾವ, ಒಳಗೆ ಇಡ್ಲಿ ಇಟ್ಟಿದ್ದೀರಾ?’ ಅಂದ ಅವನು. ಇಡ್ಲಿ ಇರಲಿಲ್ಲ. ನೀರಿನ ಬಾಟಲಿಗೆ ತಗುಲಿ ಟಾರ್ಚಿನ ಬಟನ್ ಒತ್ತಿಹೋಗಿತ್ತು. ಸುತ್ತ ಬಟ್ಟೆ ಇದ್ದದ್ದರಿಂದ ಶಾಖ ಒಳಗೇ ನಿಂತಿತ್ತು. ಸೆಲ್ಲಿನಲ್ಲಿ ಅರ್ಧ ಖಾಲಿ. ಈ ಒಂದು ವಿಷಯ ಮಾತ್ರ ಮರೆಯಬೇಡಿ: ಬ್ಯಾಗಿಗೆ ಹಾಕುವ ಮೊದಲು ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲ ಮಾಡಿ. ಬಹಳಷ್ಟು ಟಾರ್ಚುಗಳಲ್ಲಿ ಸಂಪರ್ಕ ತಪ್ಪುತ್ತದೆ, ಆಮೇಲೆ ಬಟನ್ ಎಷ್ಟು ಒತ್ತಿದರೂ ಹತ್ತಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಮಾಡಿ ನೋಡಿ.

ಕೋಲಾರದಿಂದ ಬೆಟ್ಟದ ಬುಡಕ್ಕೆ ಆಟೋ ಸಿಗುತ್ತದೆ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು. ದಾರಿಯುದ್ದಕ್ಕೂ ಕೋತಿಗಳು. ತಿಂಡಿ ಕೈಯಲ್ಲಿ ಹಿಡಿಯಬೇಡಿ, ಹೊಳೆಯುವ ಟಾರ್ಚನ್ನೂ ಹೊರಗೆ ತೆಗೆಯಬೇಡಿ.

ಗುಹೆ ಅಂದರೆ ಇಲ್ಲಿ ದೊಡ್ಡ ಹಜಾರ ಅಲ್ಲ. ಬಂಡೆಗಳು ಒಂದರ ಮೇಲೊಂದು ಬಿದ್ದು ಉಳಿದ ಸಂದಿಗಳು. ಕೆಲವು ಕಡೆ ಹೊಟ್ಟೆ ಎಳೆದುಕೊಂಡು ತೆವಳಬೇಕು. ಹೊರಗೆ ರಣಬಿಸಿಲಿದ್ದರೂ ಒಳಗೆ ಕಗ್ಗತ್ತಲು. ಹಾಗಾಗಿ ಟಾರ್ಚು ಪರೀಕ್ಷೆಗೆ ರಾತ್ರಿ ಬೆಟ್ಟ ಹತ್ತುವ ಸಾಹಸ ಬೇಕಿಲ್ಲ, ಬೆಳಿಗ್ಗೆಯೇ ಹೋಗಿ. ದಾರಿ ಗೊತ್ತಿರುವ ಊರಿನವರೊಬ್ಬರು ಜೊತೆಗಿರಲಿ. ನಮ್ಮ ಜೊತೆ ಬಂದ ಹುಡುಗ ಮೊದಲ ಸಂದಿಯಲ್ಲೇ ಕಣ್ಣು ಮುಚ್ಚಿಕೊಂಡ. ‘ಅಣ್ಣ, ಕಡಿಮೆ ಮಾಡಿ, ಏನೂ ಕಾಣ್ತಿಲ್ಲ!’

ಅವನು ಹೇಳಿದ್ದು ಸರಿ. ಮೊಣಕೈ ದೂರದಲ್ಲಿ ಬಂಡೆ ಇರುವಾಗ 1000 ಲ್ಯೂಮೆನ್ ಬಿಟ್ಟರೆ ಎದುರಿಗೆ ಬಿಳಿ ಗೋಡೆ ಮಾತ್ರ. ಬೆಳಕಿನ ಉಂಡೆಯ ಆಚೆ ಕಾಲಿಡುವ ಕುಳಿ ಎಲ್ಲಿದೆ ಗೊತ್ತಾಗಲ್ಲ. ಹೋದ ವರ್ಷದ ಮೊಬೈಲೇ ವಾಸಿ ಅನ್ನಿಸಿತು, ಅದರ ಬೆಳಕು ಹರಡಿ ಬೀಳುತ್ತಿತ್ತು. ಎರಡನೇ ಹಂತಕ್ಕೆ, 50 ಲ್ಯೂಮೆನ್ನಿಗೆ, ಇಳಿಸಿ ಮುಂದಕ್ಕೆ ಬಿಳಿ ಕರ್ಚೀಫು ಕಟ್ಟಿದೆ. ಆಮೇಲೆ ಅಡಿಯ ಕಲ್ಲು, ಮೇಲಿನ ಕಲ್ಲು ಎರಡೂ ಕಂಡವು. ಇದನ್ನು ಕಡಿಮೆ ಬೆಳಕಿನಲ್ಲಿ ಮಾತ್ರ ಮಾಡಿ, ಜಾಸ್ತಿ ಇಟ್ಟರೆ ಬಟ್ಟೆ ಸುಟ್ಟೀತು.

ಇನ್ನೊಂದು ತೊಂದರೆ ಕೈಯದು. ತೆವಳುವಾಗ ಎರಡೂ ಕೈ ಬೇಕು. ನಾನು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಲೋಹದ ರುಚಿ, ಜೊತೆಗೆ ಜೊಲ್ಲು. ಭಾವಮೈದ ತಂದಿದ್ದ ಅಗ್ಗದ ತಲೆಪಟ್ಟಿ ಟಾರ್ಚಿನದು ನನ್ನದರ ಕಾಲು ಭಾಗದಷ್ಟೂ ಬೆಳಕಿಲ್ಲ. ಆದರೂ ಗುಹೆಯಲ್ಲಿ ಗೆದ್ದದ್ದು ಅದೇ. ನಾನು ಹಿಂದೆ, ಅವನು ಮುಂದೆ.

ಹಾಗಾದರೆ 1,600 ರೂಪಾಯಿ ಸುಮ್ನೆ ಹೋಯ್ತಾ? ಇಲ್ಲ. ಗುಹೆಯಿಂದ ಹೊರಬರುವಾಗ ಕತ್ತಲಾಗಿಬಿಟ್ಟರೆ ಬೆಟ್ಟದ ಮೇಲಿನ ತೇರಹಳ್ಳಿ ಕಡೆಯ ಬಯಲು, ಇಳಿಯುವ ದಾರಿ, ಊರಿನ ಕತ್ತಲ ರಸ್ತೆ, ಇಂಥ ಕಡೆ ದೂರ ಬೀಳುವ ಬೆಳಕೇ ಬೇಕು. ಗುಹೆಗೆ ಮಾತ್ರ ಹೋಗುವುದಾದರೆ ತಲೆಗೆ ಕಟ್ಟುವುದು ತಗೊಳ್ಳಿ, ಪುಟ್ಟದು ಜೇಬಿನಲ್ಲಿ ಎರಡನೆಯದಾಗಿ ಇರಲಿ. ಸ್ವಲ್ಪ ಹಳದಿ ಛಾಯೆಯ ಬೆಳಕಿನದು ಸಿಕ್ಕರೆ ಒಳ್ಳೆಯದು. ನೀಲಿಬಿಳಿ ಬೆಳಕಿನಲ್ಲಿ ಮಣ್ಣು, ಕಲ್ಲು, ಒಣ ಎಲೆ ಎಲ್ಲ ಒಂದೇ ಬಣ್ಣ ಕಾಣುತ್ತವೆ. ಬಾವಲಿಗಳ ಮೇಲೆ ಬೆಳಕು ಹಾಕಬೇಡಿ.

ವಾಪಸ್ಸು ಮೂರು ಗಂಟೆಯೊಳಗೆ ಕೋಲಾರ ಬಿಡಿ. ನಾವು ಚಹಾ ಕುಡಿಯುತ್ತಾ ಐದು ಮಾಡಿದೆವು. ಕೆ.ಆರ್. ಪುರದ ಹತ್ತಿರ ಬಸ್ಸು ನಿಂತಲ್ಲೇ ನಿಂತಿತು. ಭಾವಮೈದ ತಲೆಪಟ್ಟಿ ಬಿಚ್ಚದೆ ಹಾಗೇ ನಿದ್ದೆ ಹೋದ.