ಚಿಲ್ಲರೆ ಇಲ್ಲದ ಕಾಲದ ನೋಟು

ಹ್ಯಾನೋವರ್, ಜರ್ಮನಿ, 19 ಅಕ್ಟೋಬರ್ 2024, ಶನಿವಾರ

ಬೆಳಗ್ಗೆ ಲೈನೆ ಹೊಳೆ ದಂಡೆಯ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಬೇಕಿದ್ದದ್ದು ಟೇಬಲ್ ಲ್ಯಾಂಪು. ಕಣ್ಣಿಗೆ ಬಿದ್ದದ್ದು ಹಾಮೆಲ್ನ್ ಊರಿನ 50 ಫೆನಿಗ್ ನೋಟು, ಅಂದರೆ ಹಳೇ ಜರ್ಮನ್ ದುಡ್ಡಿನಲ್ಲಿ ಅರ್ಧ ಮಾರ್ಕ್. ಇಸ್ಪೀಟು ಎಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮಡಿಚಿದ ಗುರುತೂ ಇಲ್ಲ. ಮೇಲೆ ಕೊಳಲೂದುತ್ತಾ ಹೊರಟವನು ಯಾರು ಅಂತೀರಿ? ನಮ್ಮ ಕಿಂದರಿಜೋಗಿ! ಅವನ ಮೂಲ ಊರೇ ಅದು.

ಇದಕ್ಕೆ ಇಲ್ಲಿ ನೋಟ್‌ಗೆಲ್ಡ್ ಅನ್ನುತ್ತಾರೆ. ನೋಟ್ ಅಂದರೆ ನಮ್ಮ ನೋಟಲ್ಲ, ಕಷ್ಟ. ಗೆಲ್ಡ್ ಅಂದರೆ ದುಡ್ಡು. 1914ರಲ್ಲಿ ಯುದ್ಧ ಶುರುವಾದದ್ದೇ ತಡ, ಜನ ಬೆಳ್ಳಿ ನಾಣ್ಯ ಬಚ್ಚಿಟ್ಟರು. ಆಮೇಲೆ ತಾಮ್ರ, ನಿಕಲ್ ಎಲ್ಲ ಯುದ್ಧದ ಸಾಮಾನಿಗೆ ಹೋಯಿತು. ಅಂಗಡಿಯಲ್ಲಿ ಚಿಲ್ಲರೆಯೇ ಇಲ್ಲ. ಪುರಸಭೆಗಳು, ಕಾರ್ಖಾನೆಗಳು ತಾವೇ ಚೀಟಿ ಅಚ್ಚು ಹಾಕಿಸಿದವು. 1918ರಲ್ಲಿ ಯುದ್ಧ ಸೋತ ಮೇಲೂ ಅದು ನಿಲ್ಲಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಾರಲ್ಲ, ಅದೇ ಲೆಕ್ಕ. ಇಳಿಯುವ ಗಡಿಬಿಡಿಯಲ್ಲಿ ಮರೆತರೆ ಹೋಯಿತು. ನನ್ನದು ಹಾಗೆ ಎಷ್ಟು ಹೋಗಿದೆಯೋ!

ಊರುಗಳಿಗೂ ಈ ಮರೆವೇ ಲಾಭ. ಬಹಳ ಚೀಟಿಗಳಿಗೆ ಗಡುವು ಇರುತ್ತಿತ್ತು. ಅಷ್ಟರೊಳಗೆ ವಾಪಸ್ ಬರದಿದ್ದರೆ ದುಡ್ಡು ಊರಿಗೆ. ಅಷ್ಟರಲ್ಲಿ ಇವನ್ನು ಕೂಡಿಡುವ ಹುಚ್ಚು ಹಬ್ಬಿತು. ಆಲ್ಬಮ್ ಸೇರಿದ ಚೀಟಿ ವಾಪಸ್ ಬರುತ್ತದಾ? ಇದು ಗೊತ್ತಾದ ಮೇಲೆ ಪುಟ್ಟ ಊರುಗಳೂ ಸುಮ್ನೆ ಕೂರಲಿಲ್ಲ. ತಮ್ಮ ಚರ್ಚು, ಕೋಟೆ, ಅಜ್ಜಿಕಥೆ ಎಲ್ಲವನ್ನೂ ಬಣ್ಣಬಣ್ಣದ ಸೆಟ್ ಮಾಡಿ ಮಾರಿದವು. ಬಟ್ಟೆಗೆ ಹೆಸರಾದ ಬೀಲೆಫೆಲ್ಡ್ ರೇಷ್ಮೆ ಮೇಲೇ ನೋಟು ಅಚ್ಚು ಹಾಕಿತು. ಮೈಸೆನ್‌ನಲ್ಲಿ ಪಿಂಗಾಣಿ ನಾಣ್ಯ ಮಾಡಿದರು. ಇದನ್ನು ದುಡ್ಡು ಅನ್ನಬೇಕೋ ಷೋಕಿ ಅನ್ನಬೇಕೋ.

1922ರ ಜುಲೈನಲ್ಲಿ ಸರ್ಕಾರ ಕಾನೂನು ತಂದು ಬೇಡ ಅಂದಿತು. ಮರುವರ್ಷ ಚೀಟಿಗಳು ಮತ್ತೆ ಬಂದವು. ಈ ಸಲ ಚಂದಕ್ಕಲ್ಲ, ಮಾರ್ಕಿನ ಬೆಲೆಯೇ ಕುಸಿದುಬಿದ್ದಿತ್ತು. 1923ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್! ಎಷ್ಟೋ ನೋಟುಗಳಿಗೆ ಹಿಂಬದಿ ಖಾಲಿ. ಅಚ್ಚು ಹಾಕಲು ಪುರುಸೊತ್ತೆಲ್ಲಿ?

ನನ್ನ ತಲೆಯಲ್ಲಿ ಮಾತ್ರ ಕಿಂದರಿಜೋಗಿಯೇ ಕೂತಿದ್ದ. ಇಲಿ ಓಡಿಸಿದವನಿಗೆ ಒಪ್ಪಿದ ಹಣ ಕೊಡದೆ ಕೈ ಎತ್ತಿದ ಊರು ಅದು. ಈಗ ಅವನದೇ ಚಿತ್ರ ಹಾಕಿ, ಹಣ ಕೊಡುತ್ತೇವೆ ನಂಬಿ ಅನ್ನುತ್ತಿದೆ. ಅಂಗಡಿಯ ಅಜ್ಜನಿಗೆ ಹೇಳಿದೆ. ಜೋರಾಗಿ ನಕ್ಕರು.

ನೋಟಿಗೆ ಮೂರು ಯೂರೋ. ಐದರ ನೋಟು ಕೊಟ್ಟೆ. ಅಜ್ಜ ಡಬ್ಬಿ ಅಲ್ಲಾಡಿಸಿದರು, ಜೇಬು ತಡಕಿದರು. ಎರಡು ಯೂರೋ ಚಿಲ್ಲರೆ ಇರಲಿಲ್ಲ. ಬದಲಿಗೆ ಅಂಚು ಹರಿದ ಇನ್ನೊಂದು ನೋಟ್‌ಗೆಲ್ಡ್ ಕೈಗಿಟ್ಟರು.