ಬೇಗ ಆರಿದ ಕುಲುಮೆ

ರಾತ್ರಿ ಕರೆಂಟ್ ಹೋಗಿತ್ತು. ಟೆರೇಸ್ ಮೇಲೆ ಸುಮ್ನೆ ಕೂತು ಜಿಎಸ್-9209 ಗ್ಯಾಲಕ್ಸಿ ಬಗ್ಗೆ ಯೋಚಿಸುತ್ತಿದ್ದೆ. ಬರೀ 20 ಕೋಟಿ ವರ್ಷದಲ್ಲಿ ಸುಮಾರು 4000 ಕೋಟಿ ಸೂರ್ಯರ ತೂಕದಷ್ಟು ನಕ್ಷತ್ರ ಹುಟ್ಟಿಸಿತಂತೆ. ಬಿಗ್ ಬ್ಯಾಂಗ್ ಆಗಿ 80 ಕೋಟಿ ವರ್ಷ ಆಗುವಷ್ಟರಲ್ಲಿ ಕೆಲಸ ಬಂದ್! ಜೇಮ್ಸ್ ವೆಬ್ ದೂರದರ್ಶಕದ ಈ ಲೆಕ್ಕ ಪ್ರಕಟವಾಗಿದ್ದು 2023ರಲ್ಲಿ.

ನಡುವೆ ಕೂತ ದೈತ್ಯ ಕಪ್ಪುಕುಳಿಯೇ ಕಾರಣ ಇರಬೇಕು ಅಂತಾರೆ. ನಕ್ಷತ್ರ ಹುಟ್ಟಲು ಗ್ಯಾಸ್ ತಣ್ಣಗಿರಬೇಕು. ಕಪ್ಪುಕುಳಿಯ ಸುತ್ತಲಿನ ಆರ್ಭಟ ಅದನ್ನು ಕಾಯಿಸುತ್ತದೆ, ಇಲ್ಲಾ ಹೊರಗೆ ತಳ್ಳುತ್ತದೆ. ಬಿಸಿ ಜಾಸ್ತಿಯಾಗಿ ಒಲೆ ಆರಿದ ಹಾಗೆ. ವಿಚಿತ್ರ ಅಲ್ವಾ? ಈ ಗ್ಯಾಲಕ್ಸಿ ಕಾಣುವ ನಕ್ಷತ್ರಪುಂಜದ ಹೆಸರು ಬೇರೆ ಫೋರ್ನಾಕ್ಸ್, ಅಂದರೆ ಕುಲುಮೆ!

ನಮ್ಮ ಕ್ಷೀರಪಥ ಇನ್ನೂ ವರ್ಷಕ್ಕೆ ಒಂದೆರಡು ಸೂರ್ಯರ ತೂಕದಷ್ಟು ನಕ್ಷತ್ರ ನಿಧಾನಕ್ಕೆ ಹುಟ್ಟಿಸುತ್ತಲೇ ಇದೆ. ಅಷ್ಟರಲ್ಲಿ ಕರೆಂಟ್ ಬಂತು.